ಮೀಟರ್ ಬಾಕ್ಸ್ ಪಕ್ಕದ ಎತ್ತು

ಹೋದ ವರ್ಷ ಊರ ಮನೆಗೆ ಪೇಂಟ್ ಮಾಡಿಸಿದ್ವಿ, ಪಾಂಡವಪುರದ ಹತ್ರ ನಮ್ದು, ಎಲ್ಲ ಮುಗಿದ್ಮೇಲೆ ಜಗುಲಿ ಗೋಡೆ ಒಂದು ಬೋಳುಬೋಳಾಗಿ ಕಾಣ್ತಿತ್ತು. ನಾನು ಮೈಸೂರಲ್ಲಿ ಕೆಲ್ಸ ಮಾಡೋನು, ಮೊಬೈಲಲ್ಲಿ ಹುಡುಕಿ ಹುಡುಕಿ ಒಂದು ವಾರ್ಲಿ ಡಿಸೈನ್ ಸೇವ್ ಮಾಡ್ಕೊಂಡಿದ್ದೆ, ಕಡ್ಡಿ ಕಾಲಿನ ಜನ ಕೈಕೈ ಹಿಡ್ಕೊಂಡು ಸುತ್ತ ಕುಣಿಯೋದು. ಅಮ್ಮ ಅಂದ್ರು, ಮಾರಮ್ಮನ ಗುಡಿ ಗೋಡೆ ಬರ್ದವ್ರು ಇದಾರಲ್ಲ, ಅವ್ರನ್ನೇ ಕರಿ.

ಅವ್ರನ್ನ ಊರಲ್ಲೆಲ್ಲ ಪೇಂಟ್ರಣ್ಣ ಅಂತಲೇ ಕರೆಯೋದು. ಅರವತ್ತು ದಾಟಿದೆ. ಗಾಡಿ ಮೂಕಿಗೆ ಹೂಬಳ್ಳಿ, ಗುಡಿಗೆ ದ್ವಾರಪಾಲಕರು, ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ, ಎಲೆಕ್ಷನ್ ಬಂದ್ರೆ ಯಾವ ಪಾರ್ಟಿ ಕೇಳಿದ್ರೂ ಚಿಹ್ನೆ. ಹುಡುಗನಾಗಿದ್ದಾಗ ಮೈಸೂರಲ್ಲಿ ಸಾಂಪ್ರದಾಯಿಕ ಚಿತ್ರ ಬರೆಯೋರ ಹತ್ರ ಆರು ತಿಂಗಳು ಇದ್ರಂತೆ, ಅದೇ ಮಕ್ಕಿ ಸಫೇದ ಅಂತ ಬಿಳಿ ಪುಡಿ, ಅಂಟು ಕಲಸಿ ಒಡವೆ ಜಾಗಕ್ಕೆ ಸಣ್ಣಗೆ ಉಬ್ಬು ಕೊಟ್ಟು ಮೇಲೆ ಚಿನ್ನದ ರೇಕು ಕೂರಿಸ್ತಾರಲ್ಲ, ತಂಜಾವೂರಿನಷ್ಟು ದಪ್ಪ ಇರಲ್ಲ ಅದು. "ಕೂತೂ ಕೂತೂ ಸೊಂಟ ಹಿಡ್ಕತು ಮಗ, ಓಡ್ ಬಂದ್ಬುಟ್ಟೆ" ಅಂತ ನಗ್ತಾರೆ.

ನನ್ನ ಫೋನ್ ಇಸ್ಕೊಂಡು ಕನ್ನಡಕ ಹಣೆಗೇರಿಸಿ ನೋಡಿದ್ರು. "ಯಾವೂರ್ದು ಇದು?"

"ಮಹಾರಾಷ್ಟ್ರದ ಕಡೇದು ಅಣ್ಣ. ಅಲ್ಲಿ ಬುಡಕಟ್ಟಿನವರು ಅಕ್ಕಿ ಹಿಟ್ಟಲ್ಲಿ ಬರೀತಾರಂತೆ."

"ಚೆಂದಾಗೈತೆ. ಅವ್ರ ಗೋಡೆ ಮ್ಯಾಲೆ ಅವ್ರು ಬರ್ಕಳ್ಳಿ. ನಿಮ್ ತಾತ ಯಾವ ಎತ್ತು ಕಟ್ಟಿದ್ರು?"

ಹಳ್ಳಿಕಾರ್ ಜೋಡಿ ಅಂದೆ. ಅಷ್ಟೇ ಗೊತ್ತಿದ್ದಿದ್ದು ನಂಗೆ. ಒಳಗಿಂದ ಅಮ್ಮ ಕೂಗಿ ಹೇಳಿದ್ರು, ಎಡಗಡೆ ಕಟ್ತಿದ್ದ ಎತ್ತಿಗೆ ಒಂದು ಕೊಂಬು ಒಳಕ್ಕೆ ಬಾಗಿತ್ತು ಕಣಣ್ಣ, ಅಂತ. ಪೇಂಟ್ರಣ್ಣ ಆಮೇಲೆ ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ, ಏನಿದ್ರೂ ಅಮ್ಮನ್ನೇ ಕೇಳೋದು.

ಶುರು ಮಾಡೋಕೆ ಮುಂಚೆ ಒಂದು ಗೋಡೆ ನೋಡ್ಕಂಡ್ ಬರ್ಬೇಕು, ಸ್ಕೂಟರ್ ತೆಗಿ ಅಂದ್ರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ. ಸ್ಕೂಲ್ ಟ್ರಿಪ್‌ನಲ್ಲಿ ಹೋಗಿದ್ದೆ, ನೆನಪಲ್ಲಿ ಉಳಿದಿದ್ದು ಹುಲ್ಲುಹಾಸು ಮತ್ತೆ ಹೊರಗಡೆ ತಿಂದ ಚುರುಮುರಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ತೇಗದ ಮರದ ಕಂಬ, ಬಿಸಿಲು ತಾಗದಿರ್ಲಿ ಅಂತ ಸುತ್ತ ಹಸಿರು ಪರದೆ ಇಳಿಬಿಟ್ಟಿರ್ತಾರೆ, ಒಳಗೆ ಹೋದ ತಕ್ಷಣ ಏನೂ ಕಾಣಲ್ಲ. ಕಣ್ಣು ಹೊಂದ್ಕೊಂಡ ಮೇಲೆ ಪಡುವಣ ಗೋಡೆ ತುಂಬ ದಂಡು. ಒಂದು ಕಡೆ ಹೈದರ್, ಟಿಪ್ಪು ಮೆರವಣಿಗೆ, ಇನ್ನೊಂದು ಕಡೆ ಅವ್ರು ಇಂಗ್ಲಿಷರನ್ನ ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ. ಗಾಯ ಆದ ಇಂಗ್ಲಿಷರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಕೊಂಡು ಕೂತಿದಾನೆ, ಸುತ್ತ ತಲೆಗಳು ಉರುಳ್ತಿವೆ.

ಎಲ್ರೂ ಬೇಲಿನ ತೋರಿಸಿ ತೋರಿಸಿ ಮುಂದೆ ಹೋಗ್ತಿದ್ರು. ಪೇಂಟ್ರಣ್ಣ ಮಾತ್ರ ಕುದುರೆ ಕಾಲು ಎಣಿಸ್ತಾ ನಿಂತ್ಬಿಟ್ರು. "ಒಂದ್ ಕುದ್ರೆ ಸರಿಯಾಗ್ ಕಲ್ತವ್ನೆ, ಅದ್ನೇ ಸಾಲಾಗಿ ನಿಲ್ಸವ್ನೆ, ಬಣ್ಣ ಬ್ಯಾರೆ ಬ್ಯಾರೆ. ಹಿಂದಿರೋನು ಚಿಕ್ಕೋನು ಅಂತ ಏನಾರಾ ಐತಾ ನೋಡು." ನಾನು ಫೋನಲ್ಲಿ ಓದಿ ಹೇಳ್ದೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ ಚಿತ್ರ ಎಲ್ಲ ಹಾಳಾಗಿತ್ತಂತೆ, ಹಳೇದನ್ನ ಕಂಡಿದ್ದ ಇಲ್ಲಿಯವ್ರೊಬ್ಬರ ಕೈಲಿ ಮತ್ತೆ ಬರೆಸಿದ್ನಂತೆ, ಅಂತ. ಪೇಂಟ್ರಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು "ಅಷ್ಟೂ ಕುದ್ರೆ ನೆನಪಲ್ಲಿ ಮಡಗಿದ್ನಾ ಅವ್ನು?" ಅಂದ್ರು. ವಾಪಸ್ ಬರೋವಾಗ ದಾರಿ ಪೂರ್ತಿ ಮಾತಿಲ್ಲ.

ಕೆಲ್ಸ ಹಿಡಿದಿದ್ದು ನಾಲ್ಕು ದಿನ. ಇದ್ದಿಲಲ್ಲಿ ಗೀಟು ಹಾಕಿದ್ರು, ಅಂಚಿಗೆ ಕೆಮ್ಮಣ್ಣು, ಮಿಕ್ಕಿದ್ದೆಲ್ಲ ಅಂಗಡಿ ಎಮಲ್ಷನ್. ಬೂದು ಬಣ್ಣದ ಎರಡು ಎತ್ತು, ಹಣೆ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ತಿರುಗೋ ಕೊಂಬು, ಹಿಂದೆ ಕಬ್ಬಿನ ಗದ್ದೆ, ವಿಶ್ವೇಶ್ವರಯ್ಯ ನಾಲೆ (ಆ ನೀಲಿ ನಂಗೆ ಈಗ್ಲೂ ಇಷ್ಟ ಇಲ್ಲ, ಸ್ವಿಮ್ಮಿಂಗ್ ಪೂಲ್ ತರ ಇದೆ), ಅದರಾಚೆ ಕುಂತಿ ಬೆಟ್ಟ. ಬೆಟ್ಟ ಎತ್ತಿನ ಮೊಣಕಾಲಿಗೂ ಬರಲ್ಲ. ಅಣ್ಣ ಬೆಟ್ಟ ತೀರ ಚಿಕ್ಕದಾಯ್ತು ಅಂದೆ.

"ನಿಮ್ ತಾತಂಗೆ ಬೆಟ್ಟ ದೊಡ್ಡದಾ, ಎತ್ತು ದೊಡ್ಡದಾ?"

ಕಷ್ಟ ಆಗಿದ್ದು ಕರೆಂಟ್ ಮೀಟರ್ ಬಾಕ್ಸ್‌ದು. ಗೋಡೆ ಬಲಗಡೆ ಎದೆಮಟ್ಟಕ್ಕೆ ಇದೆ, ತೆಗೆಸೋಕೆ ಆಗಲ್ಲ. ಅದರ ಸುತ್ತ ಏನಾದ್ರೂ ಹೂ ಬಿಟ್ಬಿಡಿ ಅಂದ್ರೆ ಕೇಳಲಿಲ್ಲ. ಕೊನೇ ದಿನ ನಾನು ಮೈಸೂರಿಗೆ ಹೋಗಿ ಬರೋ ಹೊತ್ತಿಗೆ ಬಾಕ್ಸ್ ಸುತ್ತ ಒಂದು ಆಲೆಮನೆ ಎದ್ದಿತ್ತು, ಗರಿ ಹೊದಿಸಿದ ಸೂರು, ಕೊಪ್ಪರಿಗೆಯಲ್ಲಿ ಕುದಿಯೋ ಕಬ್ಬಿನ ಹಾಲು, ಅಚ್ಚಿಗೆ ಬೆಲ್ಲ ಸುರಿಯೋನೊಬ್ಬ, ಕೊಪ್ಪರಿಗೆ ಕೆಳಗೆ ಒಲೆ ಬಾಯಿ ಇರ್ಬೇಕಾದ ಕಡೆ ಸರಿಯಾಗಿ ನಮ್ಮ ಮೀಟರ್ ಬಾಕ್ಸ್. ಸುತ್ತ ಕೆಂಪು ಉರಿ. ಬಾಗಿದ ಕೊಂಬನ್ನ ಅಮ್ಮ ಎರಡು ಸಲ ತಿದ್ದಿಸಿದ್ರಂತೆ.

ಮುಂದಿನ ತಿಂಗಳು ಮೀಟರ್ ರೀಡರ್ ಬಂದ, ಹೊಸ ಹುಡುಗ. ಗೋಡೆ ಮುಂದೆ ನಿಂತು ಆ ಕಡೆ ಈ ಕಡೆ ನೋಡಿ, ಎಲ್ಲಮ್ಮಾ ನಿಮ್ ಮೀಟ್ರು ಅಂದ. ಒಲೆ ಒಳಗೆ ಐತೆ ನೋಡಪ್ಪ ಅಂದ್ರು ಅಮ್ಮ.