ಮೂರನೇ ವರ್ಷದ ಲೆಕ್ಕ: ದಾವಣಗೆರೆಯ ಒಂದು ಸಣ್ಣ ಫುಟ್‌ಬಾಲ್ ಕ್ಲಬ್

ಈ ವರ್ಷ ನಮ್ಮ ಕ್ಲಬ್ ಒಂದು ಟ್ರೋಫಿಯನ್ನೂ ಗೆದ್ದಿಲ್ಲ. ಆದರೂ ಹಿಂದಿನ ಎರಡು ವರ್ಷಗಳಿಗಿಂತ ಹೆಚ್ಚು ಕೆಲಸವಾಗಿದೆ ಎಂಬುದು ನನ್ನ ಅಭಿಪ್ರಾಯ. ಟೂರ್ನಿ ಬಂದಾಗಲೆಲ್ಲ ಬೆಂಗಳೂರಿನಿಂದ ಇಬ್ಬರು ಮೂವರು ಆಟಗಾರರನ್ನು ಹಣ ಕೊಟ್ಟು ಕರೆಸುವ ರೂಢಿಯನ್ನು ಕೈಬಿಟ್ಟು, ಆ ಹಣದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ, ದೊಡ್ಡವರದಕ್ಕಿಂತ ಚಿಕ್ಕದಾದ 4ನೇ ಅಳತೆಯ ಚೆಂಡುಗಳನ್ನು ಕೊಂಡೆವು; ನಮ್ಮದೇ ಹಿರಿಯ ಆಟಗಾರರೊಬ್ಬರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೋಚ್‌ಗಳಿಗಾಗಿ ನಡೆಸುವ ಡಿ ಲೈಸೆನ್ಸ್ ತರಬೇತಿಗೆ ಕಳುಹಿಸಿದೆವು.

ಹೆಚ್ಚು ಫಲ ಕೊಟ್ಟದ್ದು ಪಂದ್ಯಗಳ ಸ್ವರೂಪವನ್ನು ಬದಲಿಸಿದ್ದು. ನಮ್ಮ ಕಡೆಯ ಟೂರ್ನಿಗಳು ಬಹುತೇಕ ನಾಕೌಟ್. ಎಂಟು ತಂಡಗಳು ಬಂದರೆ ನಾಲ್ಕು ತಂಡಗಳು ಒಂದೇ ಪಂದ್ಯ ಆಡಿ ಊರಿಗೆ ಮರಳುತ್ತವೆ, ಅಂದರೆ ಹೆಚ್ಚು ಆಡಬೇಕಾದ ದುರ್ಬಲ ತಂಡಕ್ಕೇ ಅತಿ ಕಡಿಮೆ ಆಟ ಸಿಗುತ್ತದೆ. ಆದ್ದರಿಂದ ನಮ್ಮೂರಿನ ಇನ್ನೊಂದು ತಂಡ, ಹರಿಹರ ಮತ್ತು ಚಿತ್ರದುರ್ಗದ ತಲಾ ಒಂದು ತಂಡ ಸೇರಿಸಿಕೊಂಡು ಭಾನುವಾರದ ಲೀಗ್ ನಡೆಸಿದೆವು. ಪ್ರತಿ ಎದುರಾಳಿಯೊಡನೆ ಎರಡೆರಡು ಬಾರಿ ಆಡಿದ್ದರಿಂದ ಕೊನೆಯ ಸ್ಥಾನದ ತಂಡಕ್ಕೂ 6 ಪಂದ್ಯಗಳು ದೊರೆತವು. ಎರೆಮಣ್ಣಿನ ಮೈದಾನ ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆಯಾದ್ದರಿಂದ ನವೆಂಬರ್‌ನಲ್ಲಿ ಶುರು ಮಾಡಿದೆವು. ಸ್ಥಳೀಯ ಲೀಗ್‌ಗೆ ನಾವು ನೋಡಿದ ಉದಾಹರಣೆ ಮಿಜೋರಾಂ: ಅಲ್ಲಿನ ಪ್ರೀಮಿಯರ್ ಲೀಗ್ 2012ರಲ್ಲಿ ಆರಂಭವಾಯಿತು. 2017ರಲ್ಲಿ ಅದೇ ರಾಜ್ಯದ ಐಜ್ವಾಲ್ ಎಫ್‌ಸಿ ರಾಷ್ಟ್ರಮಟ್ಟದ ಐ-ಲೀಗ್ ಗೆದ್ದಿತು. ಅಲ್ಲಿನ ಫುಟ್‌ಬಾಲ್ ಹುಚ್ಚು ನಮ್ಮಲ್ಲಿಲ್ಲ (ಇಲ್ಲಿ ಸಂಜೆಯ ಮೈದಾನ ಮೊದಲು ಕ್ರಿಕೆಟ್ಟಿನವರದು), ಆದರೆ ಹತ್ತಿರದ ಊರುಗಳಲ್ಲೇ ತಪ್ಪದೆ ಪಂದ್ಯಗಳು ಸಿಗುವಂತೆ ಮಾಡಿಕೊಳ್ಳಲು ಅಷ್ಟು ಹುಚ್ಚು ಬೇಕಿಲ್ಲ.

ಇನ್ನೂ ಪೂರ್ತಿ ಬಗೆಹರಿಯದ ಕಷ್ಟವೆಂದರೆ ಎಸ್ಸೆಸ್ಸೆಲ್ಸಿ. ಒಂಬತ್ತನೇ ತರಗತಿಯವರೆಗೆ ದಿನವೂ ಬರುವ ಹುಡುಗ ಹತ್ತಕ್ಕೆ ಕಾಲಿಟ್ಟೊಡನೆ ಟ್ಯೂಷನ್ ಸೇರಿ ಕಾಣೆಯಾಗುತ್ತಾನೆ, ಪರೀಕ್ಷೆ ಮುಗಿದ ಮೇಲೂ ಸಂಕೋಚದಿಂದ ಮರಳುವುದಿಲ್ಲ. ಇದಕ್ಕೆ ತಂದೆತಾಯಿಯರನ್ನು ದೂರುವಂತಿಲ್ಲ. ಈ ಸಲ ಅಂಥವರಿಗೆ ಬೆಳಿಗ್ಗೆ ವಾರಕ್ಕೆರಡು ದಿನ ಒಂದೊಂದು ಗಂಟೆಯ ಲಘು ಅಭ್ಯಾಸ ಇಟ್ಟು, ತಂಡದಲ್ಲಿ ಅವರ ಜಾಗ ಹಾಗೇ ಇರುತ್ತದೆ ಎಂದು ಮನೆಗಳಿಗೆ ಹೋಗಿ ಹೇಳಿಬಂದೆವು. ಹೆಚ್ಚಿನವರು ಉಳಿದರು. ಕ್ಲಬ್ ಬೆಳೆಯುತ್ತಿದೆಯೇ ಎಂದು ತಿಳಿಯಲು ನಾನು ಗೋಲುಗಳ ಪಟ್ಟಿಗಿಂತ ಹಾಜರಿ ಪುಸ್ತಕವನ್ನೇ ನೋಡುತ್ತೇನೆ.

ಮುಂದಿನ ಕೆಲಸ ಎಲ್ಲ ಆಟಗಾರರ ವಿಧಿವತ್ತಾದ ನೋಂದಣಿ. ಆಟಗಾರನೊಬ್ಬ ಹಣದ ಒಪ್ಪಂದದ ಮೇಲೆ ವಿದೇಶಿ ಕ್ಲಬ್ಬಿಗೆ ವರ್ಗವಾದರೆ, ಫಿಫಾ ನಿಯಮದಂತೆ ಆ ಮೊತ್ತದ ಶೇ 5ರಷ್ಟು ಅವನನ್ನು 12ರಿಂದ 23ರ ವಯಸ್ಸಿನ ನಡುವೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ನಮ್ಮ ಮಟ್ಟಿಗೆ ಇದು ಬಹುದೂರದ ಮಾತೇ ಸರಿ. ಆದರೆ ದಾಖಲೆಯಲ್ಲಿ ಹೆಸರಿಲ್ಲದ ಕ್ಲಬ್ಬಿಗೆ ಕೇಳುವ ಹಕ್ಕೂ ಇರುವುದಿಲ್ಲವಾದ್ದರಿಂದ, ಶಾಲೆಗಳು ತೆರೆಯುವ ಮೊದಲೇ ಮಕ್ಕಳ ಜನನ ಪ್ರಮಾಣಪತ್ರಗಳನ್ನು ಸಂಗ್ರಹಿಸುತ್ತಿದ್ದೇವೆ.