ಹುಲ್ಲಿನ ಕುಂಡ ಒತ್ತಿದ ದಿನ

ಭತ್ತದ ಹುಲ್ಲು ಒಣಗಿದ್ದರೆ ಮೇವು, ಪೂರ್ತಿ ಕೊಳೆತರೆ ಗೊಬ್ಬರ. ಸಸಿ ಬೆಳೆಸುವ ಹುಲ್ಲಿನ ಕುಂಡಕ್ಕೆ ಬೇಕಾದದ್ದು ಇವೆರಡರ ನಡುವಿನದು. ಬಣ್ಣ ಕಪ್ಪಗೆ ತಿರುಗಿರಬೇಕು, ಹಿಂಡಿದರೆ ಮೆತ್ತಗಿರಬೇಕು, ಆದರೆ ಎಳೆ ಹಿಡಿದು ಜಗ್ಗಿದರೆ ಕೂಡಲೇ ತುಂಡಾಗದೆ ಒಂದಿಷ್ಟು ತಡೆಯಬೇಕು. ಫೆಬ್ರವರಿಯ ಆ ಬೆಳಿಗ್ಗೆ ನಮ್ಮತ್ತೆ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಲ್ಲೊಂದು ಇಲ್ಲೊಂದು ಎಳೆ ಜಗ್ಗಿ ನೋಡಿ, "ಇವತ್ತೇ ಒತ್ತಿಬಿಡಾಣ. ಇನ್ನೊಂದು ವಾರ ಬಿಟ್ರೆ ಗೊಬ್ಬರ ಆಗಿಬಿಡ್ತತಿ, ಕುಂಡಕ್ಕೆ ಬರಲ್ಲ" ಅಂದರು.

ನಮ್ಮೂರು ಮಲೇಬೆನ್ನೂರಿನ ಹತ್ತಿರ, ಭದ್ರಾ ನಾಲೆಯ ಗದ್ದೆಗಳ ನಡುವೆ. ಮಳೆಗಾಲದ ಭತ್ತ ನವೆಂಬರ್-ಡಿಸೆಂಬರಿನಲ್ಲಿ ಕಟಾವಿಗೆ ಬರುತ್ತದೆ. ಕೈಯಲ್ಲಿ ಕೊಯ್ದು ಬಡಿಯುತ್ತಿದ್ದಾಗ ಹುಲ್ಲು ಉದ್ದಕ್ಕೆ ಉಳಿದು ಬಣವೆ ಏರುತ್ತಿತ್ತು. ಈಗ ಮಿಷನ್ನು ತುಂಡು ಹುಲ್ಲನ್ನು ಹಿಂದಕ್ಕೆ ಉಗುಳುತ್ತಾ ಹೋಗುತ್ತದೆ. ಅದರ ಚೈನಿನಡಿ ಸಿಕ್ಕಿ ಕೆಸರು ಮೆತ್ತಿಕೊಂಡ ಹುಲ್ಲನ್ನು ದನ ಮೂಸಿ ಬಿಡುತ್ತವೆ. ಬೇಸಿಗೆ ಬೆಳೆಗೆ ನಾಲೆ ನೀರು ಬರುವ ದಿನ ಹತ್ತಿರವಾದಂತೆ ಎಷ್ಟೋ ಗದ್ದೆಗೆ ಬೆಂಕಿ ಬೀಳುತ್ತದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕೆ.ಜಿ. ಸಾರಜನಕ ಇರುತ್ತದೆ. ಬೆಂಕಿ ಇಟ್ಟರೆ ಹೆಚ್ಚೂಕಮ್ಮಿ ಅಷ್ಟೂ ಹೊಗೆಯ ಜೊತೆ ಹೋಗುತ್ತದೆ. ಇದೇ ಸಾರಜನಕಕ್ಕೆಂದು ಯೂರಿಯಾಕ್ಕಾಗಿ ಸಾಲು ನಿಲ್ಲುವ ನಾವೇ ಅದನ್ನು ಸುಡುತ್ತೇವಲ್ಲ ಅಂತ ನನಗೆ ಪ್ರತಿ ವರ್ಷವೂ ಸಂಕಟ.

ಹಾಗಾಗಿ ಡಿಸೆಂಬರಿನಲ್ಲೇ ನಮ್ಮ ಗದ್ದೆಯ ತುಂಡು ಹುಲ್ಲನ್ನು ಬಳಿದು ತಂದಿದ್ದೆವು. ಒಂದು ಪದರ ಹುಲ್ಲು, ಮೇಲೆ ಸಗಣಿ ಬಗ್ಗಡ, ಮತ್ತೆ ಹುಲ್ಲು, ಹೀಗೆ ಎದೆಯೆತ್ತರ ಒಟ್ಟಿ ನೀರು ಹನಿಸಿದೆವು. ಭತ್ತದ ಹುಲ್ಲು ಸುಲಭಕ್ಕೆ ಕೊಳೆಯುವ ಜಾತಿಯಲ್ಲ. ಅದರಲ್ಲಿ ಸಿಲಿಕಾ ಬಹಳ, ಮೇಲೆ ಮೇಣದ ಹೊದಿಕೆ ಬೇರೆ. ನೀರು ಹಾಕಿದರೆ ಮೊದಲು ಜಾರಿಯೇ ಹೋಗುತ್ತದೆ. ಆದರೆ ಒಮ್ಮೆ ರಾಶಿ ಕಾವು ಹಿಡಿಯಿತೆಂದರೆ ಒಳಗೆ ಕೈ ಇಡಲಾಗುವುದಿಲ್ಲ. ಆ ಕಾವಿಗೆ ಕಳೆಬೀಜವೂ ರೋಗದ ಬೂಸ್ಟೂ ಸಾಯುತ್ತವೆ. ಮಗುಚಿ ಹಾಕಿದಾಗೆಲ್ಲ ಬಿಸಿ ಆವಿ ಏಳುತ್ತಿತ್ತು. ಕಾವು ಇಳಿದ ಮೇಲೆ ದಿನಾ ನೋಡುತ್ತಿರಬೇಕು, ಏಕೆಂದರೆ ಅಲ್ಲಿಂದ ಮುಂದೆ ಎಳೆ ಸಡಿಲುವುದು ಬೇಗ. ಎಳೆ ಹೋದರೆ ಕುಂಡಕ್ಕೆ ಗೋಡೆಯೇ ಇಲ್ಲ.

ಅಂಟಿಗೆ ಏನು ಎಂಬುದನ್ನು ಹೇಳಿದ್ದು ಅತ್ತೆಯೇ. ಹಳೇ ಕಾಗದ ನೆನೆಸಿ ಮೆಂತ್ಯದ ಜೊತೆ ಅರೆದು ಮೊರ, ಬುಟ್ಟಿಗೆ ಬಳಿಯುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಬಿದಿರಿನ ಸಂದು ಮುಚ್ಚಿ ವರ್ಷಗಟ್ಟಲೆ ನಿಲ್ಲುವ ಆ ಲೇಪವನ್ನೇ ಅವರು ಇಲ್ಲಿಗೆ ತಂದರು. ರಾತ್ರಿ ನೆನೆದ ಮೆಂತ್ಯ ಬೆಳಿಗ್ಗೆ ರುಬ್ಬಿದಾಗ ಒಳ್ಳೆ ಲೋಳೆ ಬಂದಿತ್ತು. ಬರೀ ಮೆಂತ್ಯವಾದರೆ ದುಬಾರಿ, ಅದಕ್ಕೇ ಗಟ್ಟಿ ಗಂಜಿ ಸೇರಿಸಿದೆವು. ಎರಡು ಪಾಲು ಹುಲ್ಲಿಗೆ ಒಂದು ಪಾಲು ಹಸೀ ಸಗಣಿ, ಕಲಸುವಷ್ಟು ಲೋಳೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿನಲ್ಲಿ ತೇವ ಕಾಣಬೇಕು, ನೀರು ಸುರಿಯಬಾರದು.

ಅಚ್ಚು ನಮ್ಮ ಯಜಮಾನರು ಮಾಡಿದ್ದು. ನಾಲ್ಕಿಂಚಿನ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ತಳಕ್ಕೆ ಒಂದು ಹಿಡಿ ಹಾಕಿ ಗುದ್ದಿ, ನಡುವೆ ಸ್ಟೀಲ್ ಲೋಟ ಇಟ್ಟು, ಸುತ್ತಲಿನ ಸಂದಿಗೆ ಬೆರಳು ದಪ್ಪಕ್ಕೆ ತುಂಬಿ ಕೋಲಿನಿಂದ ಒತ್ತಬೇಕು. ಲೋಟ ತಿರುವಿ ಎತ್ತಿ, ಪಟ್ಟಿ ಬಿಚ್ಚಿ ಪೈಪು ಅಗಲಿಸಿದರೆ ಕುಂಡ. ಅತ್ತೆ ಒತ್ತಿದ ಕುಂಡದ ಗೋಡೆ ಒಂದೇ ಸಮ. ರೊಟ್ಟಿ ತಟ್ಟಿದ ಕೈ ಅದು. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಹೆಂಗಸರೂ ಬಂದು ಕೂತರು, ಜಗಲಿಯುದ್ದಕ್ಕೂ ಕಪ್ಪು ಕುಂಡಗಳ ಸಾಲು ಬೆಳೆಯಿತು. ಮೊದಲು ನೆರಳಲ್ಲಿ ಬಾಡಿಸಿ ಆಮೇಲೆ ಬಿಸಿಲಿಗೆ ಇಡಬೇಕು. ನೇರ ಬಿಸಿಲು ಬಿದ್ದರೆ ಹೊರಮೈ ಮುಂಚೆ ಒಣಗಿ ಎಳೆದುಕೊಂಡು ಸೀಳುತ್ತದೆ.

ಅರೆ ಕೊಳೆತ ಹುಲ್ಲಿಗೆ ಒಂದು ಗುಣವಿದೆ, ಅದನ್ನು ತಿಳಿದೇ ಮುಂದುವರಿಯಬೇಕು. ಕೊಳೆಯುವ ಕೆಲಸ ಮುಗಿಸಲು ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕು. ಅದು ಹುಲ್ಲಿನಲ್ಲಿ ಸಾಲದಾದಾಗ ಕುಂಡದ ಮಣ್ಣಿನಿಂದ ಎಳೆದುಕೊಳ್ಳುತ್ತವೆ, ಎಳೆ ಸಸಿ ಹಳದಿಯಾಗುತ್ತದೆ. ಸಗಣಿ ಸೇರಿಸಿದ್ದು ಅಂಟಿಗೆ ಮಾತ್ರವಲ್ಲ, ಈ ಕೊರತೆಗೂ. ಜೊತೆಗೆ ಸಸಿ ಎರಡೆಲೆಯಾದಾಗಿನಿಂದ ನೀರು ಬೆರೆಸಿದ ಗಂಜಲ ಕೊಟ್ಟೆವು.

ಏಪ್ರಿಲ್ ಕೊನೆಗೆ ಪಪ್ಪಾಯಿ, ನುಗ್ಗೆ ಬೀಜ ಹಾಕಿ, ಮೇ ಕೊನೆಗೆ ಹೀರೆ ಹಾಕಿದೆವು. ಇವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬೇರು ಅಲುಗಿಸಿದರೆ ತಡೆಯದ ಗಿಡಗಳಿವು. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಗೋಡೆಗೆ ತಾಗಿ ಸುತ್ತಿಕೊಳ್ಳುತ್ತದೆ, ಚೀಲ ಹರಿಯುವಾಗ ಮಣ್ಣಿನ ಹೆಂಟೆ ಒಡೆಯುತ್ತದೆ. ಹುಲ್ಲಿನ ಕುಂಡವಾದರೆ ಸಸಿಯೊಟ್ಟಿಗೇ ಗುಂಡಿಗೆ ಇಳಿಯುತ್ತದೆ. ನೆಡುವ ಮುನ್ನ ನೀರಲ್ಲಿ ಅದ್ದಬೇಕು, ಬಾಯಂಚು ಮಣ್ಣಿನ ಮೇಲೆ ಕಾಣದಂತೆ ಪೂರ್ತಿ ಹೂಳಬೇಕು. ಅಂಚು ಹೊರಗಿದ್ದರೆ ಗಾಳಿಗೆ ಒಣಗುತ್ತಾ ಬೇರಿನ ತೇವವನ್ನೆಲ್ಲ ಮೇಲಕ್ಕೆಳೆಯುತ್ತದೆ. ಜುಲೈನಲ್ಲಿ ಒಂದು ಪಪ್ಪಾಯಿಯ ಬುಡ ಬಗೆದು ನೋಡಿದಾಗ ಬಿಳಿ ಬೇರುಗಳು ಗೋಡೆಯನ್ನು ತೂರಿ ಎಲ್ಲ ಕಡೆ ಹೊರಟಿದ್ದವು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಅತ್ತೆಯನ್ನು ಕೂಗಿ ಕರೆದು ತೋರಿಸಿದೆ.

ಪಕ್ಕದ ಗದ್ದೆಯ ಅಣ್ಣ ಬಂದು ನೋಡಿ ಕೇಳಿದ್ದು ಒಂದೇ: "ಅಡಿಕೆ ಸಸಿಗೆ ಆಗ್ತತೇನಮ್ಮ?" ನಮ್ಮ ಸೀಮೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೇ. ಅಡಿಕೆ ಸಸಿ ವರ್ಷಕ್ಕೂ ಹೆಚ್ಚು ಕಾಲ ಚೀಲದಲ್ಲೇ ಇರಬೇಕು, ಅಷ್ಟರೊಳಗೆ ಈ ಕುಂಡ ಕರಗಿರುತ್ತದೆ. 2016ರ ಮಾರ್ಚಿನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದ ಮೇಲೂ ಕಪ್ಪು ಚೀಲಗಳು ನರ್ಸರಿ ಬಿಟ್ಟು ಹೋಗಿಲ್ಲ, ತೋಟಗಳ ಬದುವಿನಲ್ಲಿ ಅವುಗಳ ಚಿಂದಿ ಹಾರಾಡುತ್ತಲೇ ಇವೆ. ಅಡಿಕೆಯ ಚೀಲಕ್ಕೆ ಬದಲಿ ನನ್ನ ಹತ್ತಿರ ಇಲ್ಲ, ಹಾಗೆಂದೇ ಹೇಳಿದೆ. ಎರಡು ತಿಂಗಳೊಳಗೆ ಹೊಲ ಸೇರುವ ಯಾವ ಸಸಿಗಾದರೂ ಇದು ಸಾಕು ಅಂತಲೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ಪಪ್ಪಾಯಿಗೆ ನಂಗೂ ಮಾಡಿಕೊಡ್ರಿ. ಮಿಷನ್ ಬರೋ ದಿನ ಹೇಳ್ತೀನಿ, ಹುಲ್ಲು ನೀವೇ ಬಳಕೊಂಡು ಹೋಗ್ರಿ, ಬೆಂಕಿ ಇಡಲ್ಲ" ಅಂದರು. ಅವರದು ದೊಡ್ಡ ಗದ್ದೆ. ಅಷ್ಟು ಹುಲ್ಲಿಗೆ ಜಾಗ ಎಲ್ಲಿ ಅಂತ ಅತ್ತೆಯೂ ನಾನೂ ಹಿತ್ತಲನ್ನು ಅಳೆಯತೊಡಗಿದ್ದೇವೆ.