ಮಕ್ಕಳ ಜೊತೆ ಬಾದಾಮಿ: ಒಂದೇ ದಿನಕ್ಕೆ ಎಲ್ಲ ಊರು ಕಟ್ಟಿಕೊಳ್ಳಬೇಡಿ

"ಐಹೊಳಿ, ಪಟ್ಟದಕಲ್ಲ, ಮಹಾಕೂಟ, ಎಲ್ಲಾ ಒಂದ ದಿನದಾಗ ಮುಗಿಸ್ಕೊಂಡ ಬರಬಹುದ್ರಿ." ಬಾದಾಮಿಯ ಲಾಡ್ಜಿನ ಕೌಂಟರಿನಲ್ಲಿ ಹೀಗೆ ಹೇಳಿದಾಗ ನಾವು ತಲೆಯಾಡಿಸಿಬಿಟ್ಟೆವು. ನಾನು, ನಮ್ಮ ಯಜಮಾನರು, ಅತ್ತೆ, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಕಾರಿಗೆ ಮೂರೂವರೆ ಸಾವಿರ, ಅದೂ ಪೂರ್ತಿ ಮುಂಗಡ. ಆ ದುಡ್ಡು ಕೊಟ್ಟದ್ದೇ ತಪ್ಪಾಯಿತು. ಕೈಗೆ ಹಣ ಸೇರಿದ ಮೇಲೆ ಡ್ರೈವರನಿಗೆ ಬೇಗ ಮನೆ ಸೇರುವುದೊಂದೇ ಕೆಲಸ.

ಐಹೊಳೆಯಲ್ಲಿ ದುರ್ಗದ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ. ಸುತ್ತಲಿನ ಕಂಬಗಳ ನಡುವೆ ಮಕ್ಕಳು ಓಡಾಡಲು ಶುರುಮಾಡಿದ್ದರಷ್ಟೇ, ಹೊರಗೆ ಹಾರ್ನ್ ಕೇಳಿಸಿತು. ಮೇಗುತಿ ಗುಡ್ಡ ಹತ್ತಬೇಕೆಂಬುದು ನನ್ನ ಬಹಳ ದಿನದ ಆಸೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ರವಿಕೀರ್ತಿ ಬರೆಸಿದ 634ರ ಶಾಸನ ಇರುವುದು ಅಲ್ಲೇ. "ಅಲ್ಲಿ ಏನೂ ಇಲ್ರೀ ಮೇಡಂ" ಎಂದು ಡ್ರೈವರ್ ಗಾಡಿ ತಿರುಗಿಸಿಯೇಬಿಟ್ಟ. ಪಟ್ಟದಕಲ್ಲಿಗೆ ಸಿಕ್ಕಿದ್ದು ನಲವತ್ತು ನಿಮಿಷ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯೊಂದಕ್ಕೇ ಅದು ಸಾಲದು. ಮಹಾಕೂಟದ ತಿರುವು ಬಂದಾಗ "ರಸ್ತಾ ಬಂದ್ ಐತ್ರಿ" ಎಂದು ನೇರ ಬಾದಾಮಿಗೆ ತಂದಿಳಿಸಿದ. ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ.

ಮರುದಿನ ಬನಶಂಕರಿ ಗುಡಿಯ ಹತ್ತಿರ ಸಿಕ್ಕಿದ ಆಟೋದವರನ್ನು ಆ ರಸ್ತೆ ಯಾವಾಗ ತೆರೆಯುತ್ತದೆಂದು ಕೇಳಿದೆ. "ಬಂದ್ ಆಗಿದ್ದರ ಯಾವಾಗ್ರಿ ಯವ್ವಾ?" ಎಂದು ಅವರೇ ನನ್ನನ್ನು ಕೇಳಿದರು. ಕೂರಿಸಿಕೊಂಡು ಹೋದರು. ದಾರಿಯಲ್ಲಿ ಒಂದು ಕಲ್ಲೂ ಅಡ್ಡ ಇರಲಿಲ್ಲ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಆ ಮಹಾಕೂಟವೇ. ಒರತೆ ನೀರಿನ ಪುಷ್ಕರಣಿ, ಮಧ್ಯದಲ್ಲಿ ಪುಟ್ಟ ಮಂಟಪದೊಳಗೆ ಐದು ಮುಖದ ಲಿಂಗ, ದಂಡೆಯಿಂದ ಧುಮುಕುವ ಊರ ಹುಡುಗರು. ನನ್ನ ಮಗ ಮೆಟ್ಟಿಲ ಮೇಲೆ ಕೂತು ಎರಡು ಗಂಟೆ ನೀರಾಡಿದ. ಬದಲಿ ಬಟ್ಟೆ, ಟವೆಲ್ ಮರೆಯಬೇಡಿ. ಈಜು ಬಾರದ ಮಕ್ಕಳ ಕೈ ಬಿಡಬೇಡಿ, ಕೊಳ ಆಳವಿದೆ.

ಊಟದ ಮಾತಿಗೆ ಬಂದರೆ, ಬಾದಾಮಿ ಮುಖ್ಯರಸ್ತೆಯ ಹೋಟೆಲುಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಹಸಿವನ್ನು ಬನಶಂಕರಿಯವರೆಗೆ ತಡೆದುಕೊಳ್ಳಿ, ಐದೇ ಕಿಲೋಮೀಟರ್. ಗುಡಿಯ ಹೊರಗೆ ಮರದ ನೆರಳಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಮನೆಯಲ್ಲೇ ಬಡಿದು ತಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ನಾವು ಕೂತದ್ದು ಒಬ್ಬ ಅಜ್ಜಿಯ ಮುಂದೆ. ಮಗ ಖಾರಕ್ಕೆ ಕಣ್ಣೀರು ಹಾಕಿದ್ದನ್ನು ಕಂಡು "ತಡಿ ತಮ್ಮಾ" ಎಂದು ರೊಟ್ಟಿ ಮುರಿದು, ಮೊಸರಿನಲ್ಲಿ ಕಲಸಿ, ಮೇಲೆ ಚೂರು ಬೆಲ್ಲ ಉದುರಿಸಿ ಕೊಟ್ಟರು. ಬೆಲ್ಲ ಅವರ ಸ್ವಂತ ಬುತ್ತಿಯದು, ಅದಕ್ಕೆ ದುಡ್ಡು ಮುಟ್ಟಲಿಲ್ಲ. ಐದು ಜನ ಹೊಟ್ಟೆ ತುಂಬ ಉಂಡು ಎದ್ದಾಗ ಲೆಕ್ಕ ಇನ್ನೂರಾ ಎಂಬತ್ತು. ಝುಣಕದಲ್ಲಿ ಈರುಳ್ಳಿ ಬೆಂದ ಹದ, ಬೆಳ್ಳುಳ್ಳಿಯ ಘಮ, ಇನ್ನೂ ನಾಲಿಗೆ ಮೇಲಿದೆ. ಅತ್ತೆ ಮಾರನೇ ದಿನವೂ ಅಲ್ಲಿಗೇ ಹೋಗೋಣ ಎಂದರು, ಹೋದೆವು. ಚಿಲ್ಲರೆ ಇಟ್ಟುಕೊಂಡು ಹೋಗಿ.

ಮೇಣಬಸದಿ, ಅಂದರೆ ಗುಹಾಲಯಗಳಿಗೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತೂವರೆ ದಾಟಿದರೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಆ ಗದ್ದಲ ನನಗಂತೂ ಆಗದು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಕೈಗಳನ್ನು ಮಕ್ಕಳಿಂದ ಎಣಿಸಿ. ಎದುರು ಬದಿಯ ದ್ವಾರಪಾಲಕನ ಕೆಳಗೆ ಒಂದೇ ತಲೆಯ ಎರಡು ಪ್ರಾಣಿ ಇದೆ, ಒಂದು ಕಡೆಯಿಂದ ಆನೆ, ಇನ್ನೊಂದು ಕಡೆಯಿಂದ ಎತ್ತು. ಹೇಳಿಕೊಡದೆ ಮಕ್ಕಳೇ ಹುಡುಕಲಿ. ಚಾಲುಕ್ಯರ ಮಂಗಳೇಶನ 578ರ ಶಾಸನ ಇರುವ ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಮೆಟ್ಟಿಲು ಎತ್ತರ, ಅತ್ತೆ ಎರಡನೆಯದಕ್ಕೇ ನಿಂತರು. ಕೋತಿಗಳ ಕಾಟ ನಿಜ: ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಕಿತ್ತುಕೊಳ್ಳುತ್ತವೆ. ತಿಂಡಿಯನ್ನು ರೂಮಿನಲ್ಲೇ ಬಿಡಿ. ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಗಸ್ತ್ಯ ತೀರ್ಥ ಎಂಬ ಕೆರೆಯ ಆಚೆಗಿನ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಅದರ ಪಕ್ಕದಿಂದ ಕೆಂಪು ಬಂಡೆಗಳ ಸೀಳಿನ ನಡುವೆ ಮೇಲಿನ ಶಿವಾಲಯಕ್ಕೆ ಹೋಗುವ ದಾರಿಯನ್ನು ಮಗಳು ಎರಡು ಸಲ ಹತ್ತಿಳಿದಳು. ಸಂಜೆಗೆ ಅಗಸ್ತ್ಯ ತೀರ್ಥದ ದಂಡೆಯಲ್ಲೇ ನಡೆದು ಭೂತನಾಥ ಗುಡಿಗೆ ಹೋಗಿ ಕೂತುಬಿಡಿ. ಬಟ್ಟೆ ಒಗೆಯುವ ಸದ್ದು ಬಂಡೆಗೆ ತಾಗಿ ತಿರುಗಿ ಬರುತ್ತದೆ, ಇಳಿಬಿಸಿಲು ಗುಡಿಯ ಎದುರಿಗೇ ಬೀಳುತ್ತದೆ.

ನಾನಾದರೆ ಹೀಗೆ ಹಂಚಿಕೊಳ್ಳುತ್ತೇನೆ: ಬಾದಾಮಿಗೆ ಒಂದು ದಿನ, ಬನಶಂಕರಿ ಮಹಾಕೂಟಕ್ಕೆ ಇನ್ನೊಂದು, ಪಟ್ಟದಕಲ್ಲು ಐಹೊಳೆಗೆ ಮೂರನೆಯದು. ಕಾರು ಮಾಡಿದರೆ ಯಾವ ಜಾಗದಲ್ಲಿ ಎಷ್ಟು ಹೊತ್ತು ಎಂದು ಮೊದಲೇ ಮಾತಾಡಿ, ಅರ್ಧ ಹಣ ವಾಪಸು ಬಂದ ಮೇಲೇ ಕೊಡಿ. ರೈಲು ನಿಲ್ದಾಣ ಊರಿಂದ ಐದು ಕಿಲೋಮೀಟರ್ ದೂರ, ಆಟೋ ಬಾಡಿಗೆಯನ್ನೂ ಹತ್ತುವ ಮುಂಚೆ ಕೇಳಿ. ಬೇಸಿಗೆಯಲ್ಲಿ ಆ ಬಂಡೆಗಳ ನಡುವೆ ಮಕ್ಕಳನ್ನು ಕರೆದೊಯ್ಯಬೇಡಿ, ನಾವು ಹೋದದ್ದು ಡಿಸೆಂಬರಿನಲ್ಲಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಕಂಪನಿ ನಾಟಕಗಳೆಲ್ಲ ಬೀಡುಬಿಡುತ್ತವೆ. ಚಿಕ್ಕ ಮಕ್ಕಳಿದ್ದರೆ ಆ ಜನಜಂಗುಳಿ ಬೇಡ ಎನ್ನುವುದು ನನ್ನ ಮಾತು. ಅತ್ತೆ ಮಾತ್ರ ಮುಂದಿನ ಸಲ ಜಾತ್ರೆಗೇ ಬರುವುದೆಂದು ರೊಟ್ಟಿ ಅಜ್ಜಿಗೆ ಮಾತು ಕೊಟ್ಟು ಬಂದಿದ್ದಾರೆ.